ಗಾಳಿ ಹಿಡಿದ ಹತ್ತೊಂಬತ್ತು ದಿನ

ನನ್ನ ಅಕ್ಕನ ಮಗಳು ಹಾಲಮ್ಮ ಬಸುರಾಗಿ ಒಂದೂವರೆ ವರ್ಷವಾಗಿತ್ತು. ಹೊಟ್ಟೆಯಲ್ಲಿದ್ದ ಕೂಸಿಗೆ ಮಾತ್ರ ಇನ್ನೂ ಆರೇ ತಿಂಗಳು. ಇದರಲ್ಲಿ ನಮ್ಮೂರಿನವರಿಗೆ ಆಶ್ಚರ್ಯವೇನೂ ಇರಲಿಲ್ಲ, ಬೇಜಾರಿತ್ತು ಅಷ್ಟೆ. ಬೀದಿಯಲ್ಲಿ ಸಿಕ್ಕವರು ಮೊದಲು ಅವಳ ಹೊಟ್ಟೆ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. "ಏನ್ ಮೈಲಾರಣ್ಣ, ಈ ಸಲದ ಪಂಪಾದ್ರೂ ನಾಲ್ಕು ದಿನ ಬಾಳುತ್ತಾ?" ಅಂತ ಕೇಳುತ್ತಿದ್ದರು. ಅವರಿಗೆ ನಾನು ಏನು ಹೇಳಲಿ? "ಮರಳು ಕಣಪ್ಪಾ, ಬಾವೀಲಿ ಮರಳು ಜಾಸ್ತಿಯಾಗಿದೆ" ಅನ್ನುತ್ತಿದ್ದೆ. ಹಸಿ ಸುಳ್ಳು.

ಪಂಪು ಕಟ್ಟುವವನು ನಾನೇ. ಊರಿಗಿರುವುದು ಒಂದೇ ಎಣ್ಣೆ ಬಾವಿ. ಆಳ ಒಂದು ಮೈಲಿಗೂ ಹೆಚ್ಚು, ಬಾಯಿ ಮಾತ್ರ ಒಂದು ಕೊಡದ ಬಾಯಿಯಷ್ಟು. ಆ ತೂತಿನೊಳಗೆ ಮೂವತ್ತಡಿ ಉದ್ದದ ಪಂಪನ್ನು ಪೈಪಿನ ತುದಿಗೆ ಕಟ್ಟಿ, ಪೈಪಿಗೆ ಪೈಪು ಜೋಡಿಸುತ್ತ ಇಳಿಸಬೇಕು. ಅದು ಕೆಳಗೆ ತಿರುಗುತ್ತಿದ್ದರೆ ಎಣ್ಣೆ ಮೇಲೆ ಬರುತ್ತದೆ, ಊರಿನವರ ಉಗುರು ಬೆಳೆಯುತ್ತದೆ, ಗಾಯ ಮಾಯುತ್ತದೆ, ಮಕ್ಕಳ ಅಂಗಿ ಗಿಡ್ಡವಾಗುತ್ತದೆ. ಪಂಪು ಸತ್ತರೆ ಎಲ್ಲ ಇದ್ದಲ್ಲೇ ಇರುತ್ತದೆ. ಜನ ಓಡಾಡುತ್ತಾರೆ, ಉಣ್ಣುತ್ತಾರೆ, ಜಗಳವಾಡುತ್ತಾರೆ. ಮೈ ಮಾತ್ರ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಇದಕ್ಕೆ ನಾವು ಬಿಡುವು ಅನ್ನುತ್ತೇವೆ. ಬಿಡುವು ಬಿತ್ತೆಂದರೆ ಕ್ಷೌರದಂಗಡಿ ಬಾಗಿಲು ಹಾಕುತ್ತದೆ. ಹೆಂಗಸರು ಈಳಿಗೆಮಣೆಯನ್ನು ಅಟ್ಟಕ್ಕೆ ಸೇರಿಸುತ್ತಾರೆ, ಬೆರಳು ಕೊಯ್ದುಕೊಂಡರೆ ಮತ್ತೆ ಪಂಪು ತಿರುಗುವವರೆಗೆ ಗಾಯ ಹಸಿಯಾಗಿಯೇ ಇರುತ್ತದಲ್ಲ, ಅದಕ್ಕೆ. ಹಲ್ಲುನೋವು ಬಂದ ದಿನವೇ ಬಿಡುವು ಬಿದ್ದರೆ ಆ ಮನುಷ್ಯನ ಪಾಡು ದೇವರಿಗೇ ಪ್ರೀತಿ. ನೋವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೆ ಬಿಡುವಿನಲ್ಲಿ ಯಾರೂ ಸಾಯುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಒಂದು ಮಾತು ಸಾಕು.

ಹೀಗಾಗಿ ನಮ್ಮಲ್ಲಿ ವಯಸ್ಸು, ಬಸುರು, ಬಾಣಂತನ ಎಲ್ಲಕ್ಕೂ ಪಂಪು ಓಡಿದ ದಿನವೇ ಲೆಕ್ಕ. ಪ್ರತಿ ಅಡುಗೆಮನೆಯ ಗೋಡೆಯ ಮೇಲೂ ಇದ್ದಿಲಿನ ಗೆರೆಗಳಿವೆ, ಓಡಿದ ದಿನಕ್ಕೊಂದು. ಬೆಳಗ್ಗೆ ಎದ್ದ ಹೆಂಗಸು ಹಿತ್ತಲಿಗೆ ಬಂದು ಬಾವಿಯ ದಿಕ್ಕಿಗೆ ನೋಡುತ್ತಾಳೆ. ಎಣ್ಣೆ ಬೀಳುವ ಕೊಳವೆಯ ಬಾಯಿ ಊರಿನ ಎಲ್ಲ ಹಿತ್ತಲಿಗೂ ಕಾಣುತ್ತದೆ. ಎಣ್ಣೆ ಬೀಳುತ್ತಿದ್ದರೆ ಒಂದು ಗೆರೆ, ಬೀಳದಿದ್ದರೆ ಇಲ್ಲ. ಅಜ್ಜಿಯರ ಕಾಲದಿಂದ ಇದೇ ಪದ್ಧತಿ.

ಸಾವಂತ್ರಕ್ಕ ನನಗೆ ಅಕ್ಕ ಮಾತ್ರವಲ್ಲ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ಮೂಗು ಒರೆಸಿ, ತಲೆ ಬಾಚಿ, ದಿನಕ್ಕೆ ಹತ್ತು ಸಲ ಬೈದು ನನ್ನನ್ನು ದೊಡ್ಡವನನ್ನಾಗಿ ಮಾಡಿದಳು. ನಾನು ಮದುವೆಯಾಗಲಿಲ್ಲ, ಅವಳ ಗಂಡ ತೀರಿಕೊಂಡ, ಒಂದೇ ಮನೆಯಲ್ಲಿ ಇದ್ದೆವು. ಪಂಪಿನ ಶೆಡ್ಡಿನಲ್ಲಿ ಅವಳಿಗೂ ಕೆಲಸ. ಸತ್ತ ಪಂಪನ್ನು ಬಿಚ್ಚಿದಾಗ ಅದರೊಳಗಿನ ವಾಷರುಗಳನ್ನು ಹೆಬ್ಬೆರಳಿನಿಂದ ಸವರಿ, ಸವೆದದ್ದು ಯಾವುದು, ಮತ್ತೆ ಹಾಕಬಹುದಾದದ್ದು ಯಾವುದು ಅಂತ ಆರಿಸುವ ಕೆಲಸ. ನಮ್ಮ ಅಳತೆಯ ಕಡ್ಡಿಗಳಿಗೆ ಸಿಗದ ತಗ್ಗು ಅವಳ ಬೆರಳಿಗೆ ಸಿಗುತ್ತಿತ್ತು.

ಮೂರು ವರ್ಷದ ಹಿಂದೆ ಅದೇ ಬೆರಳಿಗೆ ಅವಳ ಹೊಟ್ಟೆಯ ಗಂಟೂ ಸಿಕ್ಕಿತು. ಕಾಂಪೌಂಡರ್ ಮೌಲಾಸಾಬ್ ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದು, ತಲೆ ಅಲ್ಲಾಡಿಸಿದರು. ಪಂಪು ಓಡಿದಷ್ಟೂ ಗಂಟು ಬೆಳೆಯುತ್ತದೆ. ಅವತ್ತೇ ನಾನು ಶೆಡ್ಡಿಗೆ ಬಂದು ಕಬ್ಬಿಣ ಉಜ್ಜುವ ಅರ ಹಿಡಿದೆ.

ಏನು ಮಾಡಿದೆ ಅಂತ ಹೇಳುತ್ತೇನೆ, ಮುಚ್ಚಿಟ್ಟು ಇನ್ನೇನಾಗಬೇಕಿದೆ. ಪಂಪಿನೊಳಗೆ ನೂರಿಪ್ಪತ್ತು ಬಟ್ಟಲುಗಳು ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಬಟ್ಟಲಿನಲ್ಲಿ ಒಂದು ಚಕ್ರ. ಚಕ್ರಗಳೆಲ್ಲ ನಡುವೆ ತಿರುಗುವ ಒಂದೇ ಕಂಬಿಯ, ಅಂದರೆ ಶಾಫ್ಟಿನ, ಮೇಲೆ ಇದ್ದರೂ ಬಿಗಿಯಾಗಿರುವುದಿಲ್ಲ, ಕೈಮೇಲಿನ ಬಳೆಯ ಹಾಗೆ ಒಂಚೂರು ಮೇಲೆ ಕೆಳಗೆ ಆಡುತ್ತವೆ. ಎಣ್ಣೆಯನ್ನು ಮೇಲಕ್ಕೆ ತಳ್ಳುವ ಚಕ್ರ ತಾನು ಕೆಳಕ್ಕೆ ಒತ್ತುತ್ತದೆ, ಆ ಭಾರ ಹೊರಲು ಪ್ರತಿ ಚಕ್ರದ ಕೆಳಗೆ ಒಂದು ವಾಷರ್. ವಾಷರ್ ಸವೆದರೆ ಚಕ್ರ ಬಟ್ಟಲಿಗೆ ಉಜ್ಜುತ್ತದೆ, ಶಾಫ್ಟು ನಡುಗುತ್ತದೆ, ನೀರು ತಡೆಯುವ ಕೆಳಗಿನ ಸೀಲು ಬಿಡುತ್ತದೆ, ಬಾವಿಯ ನೀರು ಮೋಟಾರಿಗೆ ನುಗ್ಗಿ ಮೋಟಾರು ಸುಟ್ಟುಹೋಗುತ್ತದೆ. ಮರಳು ಈ ಕೆಲಸವನ್ನು ಅರವತ್ತು ದಿನದಲ್ಲಿ ಮಾಡುತ್ತಿತ್ತು. ನಾನು ತಳದ ಆರು ವಾಷರುಗಳ ಒಂದು ಬದಿಯನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಿ ಕೂರಿಸಿದೆ. ಭಾರ ಒಂದೇ ಕಡೆ ಬಿತ್ತು. ಪಂಪು ಇಪ್ಪತ್ತೇ ದಿನಕ್ಕೆ ಸತ್ತಿತು. ಅದನ್ನು ಎತ್ತಿ, ಬಿಚ್ಚಿ, ತೊಳೆದು, ಬೇರೆ ಕಟ್ಟಿ ಇಳಿಸುವಷ್ಟರಲ್ಲಿ ನಲವತ್ತು ದಿನ. ಆ ನಲವತ್ತು ದಿನವೂ ಅಕ್ಕ ಒಂಚೂರೂ ಕೆಡದೆ ಇದ್ದಳು. ಆಮೇಲೆ ಪ್ರತಿ ಪಂಪಿಗೂ ಹಾಗೇ ಮಾಡಿದೆ.

ಸೂಪರಿಂಟೆಂಡೆಂಟ್ ಶ್ರೀಪತಿರಾಯರು ಒಳ್ಳೆಯವರು, ನನ್ನ ಮೇಲೆ ಅನುಮಾನ ಪಡಲಿಲ್ಲ. ಅವರ ತೊಡೆಯ ಮೇಲೆ ಒಂದು ಕುರು ಎದ್ದಿತ್ತು. ಇನ್ನೇನು ಹಣ್ಣಾಗಬೇಕು ಅನ್ನುವಾಗ ಬಿಡುವು ಬಿದ್ದು, ನಲವತ್ತು ದಿನ ಅದನ್ನು ಹಾಗೇ ಹೊತ್ತುಕೊಂಡು ಕುಂಟುತ್ತಿದ್ದರು.

"ಮೈಲಾರಪ್ಪ, ಈ ಪಂಪಿನ ರಚನೆಯಲ್ಲೇ ಏನೋ ದೋಷ ಇದೆ ಕಣಯ್ಯ," ಅಂದರು ಒಂದು ದಿನ. "ಇಪ್ಪತ್ತು ದಿನಕ್ಕೆ ಸಾಯುತ್ತೆ. ಅದರಲ್ಲೂ ತಿರುಗ್ತಾ ತಿರುಗ್ತಾನೇ ಗಾಳಿ ಹಿಡಿದು ಒಂದು ದಿನ, ಎರಡು ದಿನ ಎಣ್ಣೇನೇ ಬರಲ್ಲ. ಏನಾದ್ರೂ ಹೊಸದು ಯೋಚನೆ ಮಾಡು. ನಿನ್ನ ತಲೇಲಿ ಇಲ್ಲದೆ ಇನ್ಯಾರ ತಲೇಲಿರುತ್ತೆ?"

ನನ್ನ ತಲೆಯಲ್ಲಿ ಇತ್ತು. ಏಳು ವರ್ಷದಿಂದ ಇತ್ತು. ಚಕ್ರಗಳನ್ನು ಆಡಲು ಬಿಡಬಾರದು, ಎಲ್ಲವನ್ನೂ ಶಾಫ್ಟಿಗೆ ಬಿಗಿದುಬಿಡಬೇಕು. ಆಗ ನೂರಿಪ್ಪತ್ತು ಚಕ್ರದ ಭಾರವೆಲ್ಲ ಶಾಫ್ಟಿನ ಮೂಲಕ ತಳಕ್ಕಿಳಿದು ಒಂದೇ ಒಂದು ದಪ್ಪ ಬೇರಿಂಗಿನ ಮೇಲೆ ಕೂರುತ್ತದೆ. ಆ ಬೇರಿಂಗನ್ನು ಸೀಲಿನ ಕೋಣೆಯೊಳಗೆ, ಶುದ್ಧ ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಮರಳಿಗೆ ಅದು ಸಿಗುವುದೇ ಇಲ್ಲ. ನಡುನಡುವೆ ಹತ್ತು ಬಟ್ಟಲಿಗೊಂದು ಗಟ್ಟಿ ಬುಷ್, ಅಂದರೆ ಶಾಫ್ಟನ್ನು ಸುತ್ತ ಹಿಡಿಯುವ ಬಳೆ, ಹಾಕಿದರೆ ಶಾಫ್ಟು ನಡುಗುವುದಿಲ್ಲ. ಅಂಥ ಪಂಪು ವರ್ಷಗಟ್ಟಲೆ ಓಡುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, "ನೋಡೋಣ ಸ್ವಾಮಿ" ಅಂತ ಹೇಳಿ ಬಂದೆ.

ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಅವಳು ಎದುರಿಗೆ ಬಂದು ಕೂತು, ಸೆರಗಿನಿಂದ ವಾಷರ್ ಒಂದನ್ನು ತೆಗೆದು ನನ್ನ ರೊಟ್ಟಿಯ ಮೇಲೇ ಇಟ್ಟಳು.

"ಮುಟ್ಟಿ ನೋಡು."

"ಮುಟ್ಟೋದೇನಕ್ಕ, ಮರಳು ತಿಂದಿದೆ."

"ಮರಳು ತಿಂದ್ರೆ ಮೈಯೆಲ್ಲ ತಿನ್ನುತ್ತೆ. ಇದರದ್ದು ಅರ್ಧ ಕನ್ನಡಿ ಹಂಗಿದೆ, ಇನ್ನರ್ಧ ಹೊಸಾದು. ಇಂಥವು ಆರೇ ಆರು, ಯಾವಾಗ್ಲೂ ತಳದಲ್ಲೇ. ಒಂದು ಪಂಪಲ್ಲಿ ಸಿಕ್ಕಿದ್ರೆ ಸುಮ್ಮನಿರ್ತಿದ್ದೆ. ಲೋ ಮೈಲಾರಿ, ಎಷ್ಟು ದಿನದಿಂದ ನಡೀತಿದೆ ಇದು?"

ನಾನು ತಲೆ ತಗ್ಗಿಸಿದೆ. ಹೊಸ ಬಟ್ಟೆ ಹರಿದುಕೊಂಡು ಮನೆಗೆ ಬಂದಾಗ ತಗ್ಗಿಸುತ್ತಿದ್ದೆನಲ್ಲ, ಹಾಗೇ.

"ನಿನ್ನ ಗಂಟು ಸಿಕ್ಕಾಗಿಂದ" ಅಂದೆ.

ಅವಳು ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. ಆಮೇಲೆ, "ನನ್ನನ್ನ ಉಳಿಸ್ತಿದೀಯೋ, ನನ್ನ ಮಗಳನ್ನ ಸಾಯಿಸ್ತಿದೀಯೋ?" ಅಂದಳು. "ಒಂದೂವರೆ ವರ್ಷ ಆಯ್ತು ಕಣೋ ಅವಳು ಹೊಟ್ಟೆ ಹೊತ್ತು. ಮಗ್ಗುಲಿಗೆ ಹೊರಳೋಕಾಗಲ್ಲ, ಉಂಡಿದ್ದು ದಕ್ಕಲ್ಲ. ಅವಳು ಅಳೋದು ನಿನಗೆ ಕೇಳಲ್ವಾ?"

"ಅಕ್ಕಾ, ಮೌಲಾಸಾಬ್ರು ಮೊನ್ನೆ ಏನಂದ್ರು ಗೊತ್ತಾ? ನಿನಗೆ ಇನ್ನು ಎಪ್ಪತ್ತು ದಿನ, ಅದೂ ಪಂಪು ಓಡಿದ್ರೆ. ಹಾಲಮ್ಮನ ಗೋಡೇಲಿ ಇನ್ನೂ ತೊಂಬತ್ತು ಗೆರೆ ಬಾಕಿ ಇದೆ. ನೀನು ಕೂಸಿನ ಮುಖ ನೋಡಲ್ಲ. ಇಪ್ಪತ್ತು ದಿನ ಸಾಲಲ್ಲ."

"ಸಾಲದಿದ್ರೆ ಬಿಡು. ಕೂಸು ಹುಟ್ಟೋದು ನಾನು ನೋಡಲಿ ಅಂತಲ್ಲ."

ನೋಡಬೇಕು ಅಂತ ಅವಳಿಗೆ ಎಷ್ಟಿತ್ತೆಂದು ನನಗೆ ಗೊತ್ತಿಲ್ಲವೇ! ಹಳೇ ಸೀರೆ ಹರಿದು, ಮಡಿಸಿ, ಹೊಲಿದ ಕುಲಾವಿಗಳು ಪೆಟ್ಟಿಗೆಯ ತುಂಬ ಇದ್ದವು. ಆದರೂ ಅವಳು ಬಿಡಲಿಲ್ಲ. ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಆಣೆ ಮಾಡು. ಒಳ್ಳೇ ಪಂಪು ಕಟ್ತೀನಿ ಅಂತ. ಅದನ್ನ ನನಗೋಸ್ಕರ ನಿನ್ನ ಕೈಯಿಂದ ನಿಲ್ಲಿಸಲ್ಲ ಅಂತ." ಮಾಡಿದೆ. ಅವಳು ರೊಟ್ಟಿಯ ಮೇಲಿನ ವಾಷರ್ ಎತ್ತಿ ತನ್ನ ಹೆಬ್ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡಳು. "ನಿನ್ನ ಕೈಯಿಂದ ಕೆಟ್ಟ ಕೆಲಸ ಅಂತ ಆಗಿದ್ದು ಇದೊಂದೇ. ಇದು ನನ್ನ ಹತ್ರ ಇರಲಿ. ಉಣ್ಣು, ಆರಿಹೋಯ್ತು" ಅಂದಳು.

ಹೊಸ ಪಂಪನ್ನು ಕಟ್ಟಿದೆ. ಚಕ್ರಗಳನ್ನು ಶಾಫ್ಟಿಗೆ ಬಿಗಿದೆ, ನಡುನಡುವೆ ಬುಷ್ ಹಾಕಿದೆ, ತಳದ ಕೋಣೆಯಲ್ಲಿ ಅಂಗೈಯಗಲದ ಬೇರಿಂಗ್ ಕೂರಿಸಿದೆ. ಗಾಳಿ ಹಿಡಿಯದ ಹಾಗೆ ಪಂಪಿನ ಬಾಯಿಯ ಬಳಿ ಗಾಳಿಯನ್ನು ಬೇರೆ ಮಾಡಿ ಹೊರಗೆ ಬಿಡುವ ಒಂದು ಚಕ್ರವನ್ನೂ ಇಟ್ಟೆ. ಪಂಪು ಇಳಿಯಿತು, ತಿರುಗಿತು, ನಿಲ್ಲಲೇ ಇಲ್ಲ. ಇಪ್ಪತ್ತು ದಿನ, ಮೂವತ್ತು ದಿನ, ಐವತ್ತು ದಿನ. ಊರು ಸಡಗರಪಟ್ಟಿತು. ಶ್ರೀಪತಿರಾಯರ ಕುರು ಒಡೆದು ವಾಸಿಯಾಯಿತು. ಶಾಲೆಯ ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಕ್ಷೌರದವನಿಗೆ ಕೂತುಕೊಳ್ಳಲು ಪುರಸೊತ್ತಿಲ್ಲ.

ಸಾವುಗಳೂ ಬಂದವು. ಎಷ್ಟೋ ಜನ ಬಿಡುವಿನಿಂದ ಬಿಡುವಿಗೆ ಜೀವ ಹಿಡಿದುಕೊಂಡಿದ್ದರಂತೆ, ಎರಡು ತಿಂಗಳಲ್ಲಿ ಆರು ಜನ ಹೋದರು. ನಮ್ಮೂರಲ್ಲಿ ಹೆರಿಗೆ ಮಾಡಿಸುವವಳೂ, ಹೆಣ ತೊಳೆಯುವವಳೂ ಒಬ್ಬಳೇ, ತಿಪ್ಪವ್ವ. ಆರು ಮನೆಗೂ ಅವಳೇ ಹೋದಳು. ಆರು ಮನೆಯಲ್ಲೂ "ಏನೂ ನೋವಿಲ್ದಂಗೆ, ನಗ್ತಾ ನಗ್ತಾ ಹೋದ್ರು ಕಣವ್ವ" ಅಂತ ಹೇಳಿ ಬಂದಳು. ಐದನೆಯವನ ಹೆಂಡತಿ ಬೀದಿಯಲ್ಲಿ ನನ್ನನ್ನು ಕಂಡು ಕ್ಯಾಕರಿಸಿ ಉಗಿದಳು. ಒರೆಸಿಕೊಂಡು ಮುಂದೆ ನಡೆದೆ. ಅವಳ ತಪ್ಪೇನು?

ಅಕ್ಕ ಹಾಸಿಗೆ ಹಿಡಿದಳು. ಹಾಲಮ್ಮ ಹೆರಿಗೆಗೆಂದು ತವರಿಗೆ ಬಂದವಳು ತಾನೇ ಬಾಣಂತಿಗೆ ಮಾಡುವ ಹಾಗೆ ತಾಯಿಯ ಆರೈಕೆ ಮಾಡಿದಳು. ನಡುಮನೆಯಲ್ಲಿ ಎರಡು ಮಂಚ, ಒಂದರಲ್ಲಿ ತಾಯಿ, ಒಂದರಲ್ಲಿ ಮಗಳು. ದಿನಾ ಬೆಳಗ್ಗೆ ಹಾಲಮ್ಮ ಹಿತ್ತಲಿಗೆ ಹೋಗಿ ನೋಡಿ ಬಂದು ಗೆರೆ ಎಳೆಯುತ್ತಿದ್ದಳು. ಅಕ್ಕ ಮಲಗಿದಲ್ಲಿಂದಲೇ "ಎಷ್ಟಾಯ್ತೇ?" ಅನ್ನುತ್ತಿದ್ದಳು. ಎಣಿಸಿ ಹೇಳುವಾಗ ಹಾಲಮ್ಮ ಗೋಡೆಯ ಕಡೆಗೇ ಮುಖ ಮಾಡಿಕೊಂಡಿರುತ್ತಿದ್ದಳು.

ಎಪ್ಪತ್ತನೆಯ ದಿನ. ಮಧ್ಯಾಹ್ನ. ಬೆಳಗ್ಗೆಯಿಂದ ಸೊಂಟ ಹಿಡಿದಿದೆ ಅಂತ ಹಾಲಮ್ಮ ಅಂದಿದ್ದಳು. ಇಷ್ಟು ದಿನ ಹೊಟ್ಟೆ ಹೊತ್ತವಳಿಗೆ ಸೊಂಟ ಹಿಡಿಯದೆ ಇರುತ್ತದೆಯೇ ಅಂತ ಯಾರೂ ಲಕ್ಷ್ಯ ಕೊಡಲಿಲ್ಲ. ಗೋಡೆಯಲ್ಲಿ ಇನ್ನೂ ಇಪ್ಪತ್ತು ಗೆರೆ ಬಾಕಿ ಇತ್ತಲ್ಲ. ಅಕ್ಕನ ಉಸಿರು ಮಾತ್ರ ಕೆಟ್ಟುಹೋಯಿತು. ಎಳೆದುಕೊಂಡರೆ ಬಿಡುವುದಿಲ್ಲ, ಬಿಟ್ಟರೆ ಎಳೆದುಕೊಳ್ಳುವುದಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಬಾಯಿಗೆ ನೀರು ಬಿಟ್ಟೆ, ಕಟವಾಯಿಯಿಂದ ಹೊರಗೆ ಬಂತು. ಅಷ್ಟೇ ನೋಡಿದ್ದು ನಾನು. ಎದ್ದು ಓಡಿದೆ.

ಯಾಕೆ ಓಡಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪಂಪು ನಿಲ್ಲಿಸಿದರೆ ಇಪ್ಪತ್ತು ದಿನವೇನು ಹುಟ್ಟಿಕೊಳ್ಳುತ್ತಿತ್ತೇ? ಕೂಸೂ ಅಲ್ಲೇ ನಿಲ್ಲುತ್ತಿತ್ತು, ಅಕ್ಕನೂ ಅಲ್ಲೇ ನಿಲ್ಲುತ್ತಿದ್ದಳು. ಲೆಕ್ಕ ಗೊತ್ತಿದ್ದವನೇ ನಾನು. ಆದರೆ ಆಗ ನನಗೆ ಲೆಕ್ಕವೂ ಇರಲಿಲ್ಲ, ಆಣೆಯೂ ಇರಲಿಲ್ಲ. ಇವತ್ತು ಬೇಡ, ಇವತ್ತೊಂದು ದಿನ ಹೋಗಬೇಡ ಅಕ್ಕಾ, ಅಷ್ಟೇ ಇದ್ದದ್ದು.

ಬೀದಿಯ ತಿರುವಿನಲ್ಲಿ ತಿಪ್ಪವ್ವ ಎದುರಿಗೆ ಬಂದಳು. ಸೀರೆ ಎತ್ತಿ ಕಟ್ಟಿಕೊಂಡು ನಮ್ಮ ಮನೆಯ ಕಡೆಗೇ ಓಡಿ ಬರುತ್ತಿದ್ದಳು. ನನ್ನನ್ನು ಕಂಡು ಕೈಯೆತ್ತಿ ಏನೋ ಕೂಗಿದಳು. ನನ್ನ ಮೈಗೆ ಬೆಂಕಿ ಬಿತ್ತು. ಹೆಣ ತೊಳೆಯಲು ಇವಳನ್ನು ಕರೆದವರು ಯಾರು? "ಇನ್ನೂ ಹೋಗಿಲ್ಲ! ಇನ್ನೂ ಉಸಿರಿದೆ!" ಅಂತ ಅರಚಿ, ಅವಳನ್ನು ತಳ್ಳಿಕೊಂಡೇ ಮುಂದೆ ಓಡಿದೆ.

ಬಾವಿಯ ಪಕ್ಕದ ಸ್ವಿಚ್ಚಿನ ಕೋಣೆಯಲ್ಲಿ ಒಂದು ಕೆಂಪು ಹಿಡಿ ಇದೆ. ಅದನ್ನು ಯಾರೂ ಕೈಯಿಂದ ಎಳೆಯಬಾರದು. ಓಡುತ್ತಿರುವ ಪಂಪನ್ನು ತಟಕ್ಕನೆ ನಿಲ್ಲಿಸಿದರೆ ಒಂದು ಮೈಲಿ ಪೈಪಿನಲ್ಲಿರುವ ಮರಳೆಲ್ಲ ಕೆಳಗಿಳಿದು ಪಂಪಿನ ತಲೆಯ ಮೇಲೆ ಕೂತು ಗಟ್ಟಿಯಾಗಿಬಿಡುತ್ತದೆ. ಮತ್ತೆ ಅದು ತಿರುಗುವುದಿಲ್ಲ. ಎತ್ತಲೇಬೇಕು, ಬೇರೆಯದನ್ನೇ ಕಟ್ಟಬೇಕು. ಇದನ್ನು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳಿಕೊಡುತ್ತಿದ್ದವನೂ ನಾನೇ. ಹಿಡಿಯನ್ನು ಎಳೆದೆ. ಕಾಲಡಿಯ ಗುಂಯ್‌ಗುಟ್ಟುವಿಕೆ ನಿಂತಿತು.

ವಾಪಸ್ಸು ಬರುವಾಗ ನಿಧಾನವಾಗಿ ನಡೆದುಕೊಂಡು ಬಂದೆ. ನಮ್ಮ ಬೀದಿಗೆ ಬರುವ ಮೊದಲೇ ಕಿರುಚಾಟ ಕೇಳಿಸಿತು. ಅಕ್ಕನದಲ್ಲ. ಹೊಸಿಲ ಮೇಲೆ ತಿಪ್ಪವ್ವ ನಿಂತಿದ್ದಳು, ಮೊಣಕೈವರೆಗೆ ಒದ್ದೆ.

"ಬಿಡುವು ಬಿತ್ತಲ್ಲೋ ಮೈಲಾರಿ! ಎಂಥಾ ಹೊತ್ತಲ್ಲಿ ಬಿತ್ತೋ! ಹಾಲಮ್ಮಂಗೆ ನೀರು ಒಡೆದು ಹೋಗಿದೆ, ನೋವು ಬಿಗಿಯಾಗಿ ಬಂದಿದೆ, ಇನ್ನೊಂದು ಗಳಿಗೇಲಿ ಕೂಸು ಕೈಗೆ ಬರ್ತಿತ್ತು! ದಾರೀಲಿ ಕೂಗಿದ್ನಲ್ಲೋ, ನಿನ್ನ ಅಕ್ಕನಿಗಲ್ಲ, ಹಾಲಮ್ಮಂಗೆ ಅಂತ. ಹಿತ್ತಲಲ್ಲಿ ಅವಳು ಸೊಂಟ ಹಿಡ್ಕೊಂಡು ಕೂತಿದ್ದು ಕಂಡು ಪಕ್ಕದ ಮನೆಯವರು ಹೇಳಿ ಕಳಿಸಿದ್ರು ಕಣೋ!"

"ಇನ್ನೂ ಇಪ್ಪತ್ತು ದಿನ ಇದೆಯಲ್ಲ" ಅಂದೆ. ಎಂಥಾ ಮಾತು! ಅದನ್ನೇ ಎರಡು ಮೂರು ಸಲ ಅಂದೆನಂತೆ.

ಅಡುಗೆಮನೆಗೆ ಹೋಗಿ ಗೋಡೆಯ ಮುಂದೆ ನಿಂತೆ. ಗೆರೆಗಳನ್ನು ಎಣಿಸಿದೆ, ಸರಿಯಾಗಿದ್ದವು. ಆಮೇಲೆ ನನಗೆ ಹೊಳೆಯಿತು. ಗಾಳಿ ಹಿಡಿದ ದಿನಗಳು. ಹಳೆಯ ಪಂಪುಗಳಿಗೆ ಗಾಳಿ ಹಿಡಿದಾಗ ಕೆಳಗೆ ಶಾಫ್ಟು ತಿರುಗುತ್ತಲೇ ಇರುತ್ತಿತ್ತು, ಮೇಲೆ ಕೊಳವೆಯಲ್ಲಿ ಒಂದು ತೊಟ್ಟು ಎಣ್ಣೆ ಇರುತ್ತಿರಲಿಲ್ಲ. ಹಾಲಮ್ಮ ಹಿತ್ತಲಿಗೆ ಬಂದು ನೋಡಿದಳು, ಎಣ್ಣೆ ಕಾಣಲಿಲ್ಲ, ಬಿಡುವು ಅಂದುಕೊಂಡು ಗೆರೆ ಬಿಟ್ಟಳು. ಅವಳ ಅಜ್ಜಿಯೂ ಹಾಗೇ ಬಿಟ್ಟಿದ್ದಳು, ಊರಿಗೂರೇ ಬಿಟ್ಟಿದೆ. ಆದರೆ ಮೈ ನಡೆಯುವುದು ಶಾಫ್ಟು ತಿರುಗಿದರೆ, ಎಣ್ಣೆ ಬಂದರೆಷ್ಟು, ಬಿಟ್ಟರೆಷ್ಟು. ಊರಲ್ಲಿ ಇದು ಗೊತ್ತಿರಬೇಕಾದವನು ನಾನೊಬ್ಬನೇ. ಗಾಳಿ ಹಿಡಿದದ್ದನ್ನೆಲ್ಲ ಶೆಡ್ಡಿನ ಪುಸ್ತಕದಲ್ಲಿ ಬರೆಯುತ್ತಿದ್ದವನೂ ನಾನೇ. ಆಮೇಲೆ ತೆಗೆದು ನೋಡಿದೆ. ಆ ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು ದಿನ. ನಾನು ಸುಮ್ಮನೆ ಮನೆಯಲ್ಲೇ ಕೂತಿದ್ದರೆ, ಅಕ್ಕನ ಕಾಲು ಒತ್ತುತ್ತ ಕೂತಿದ್ದರೆ, ಬಹುಶಃ ಅದೇ ಮಧ್ಯಾಹ್ನ ಕೂಸನ್ನು ಅವಳ ಪಕ್ಕದಲ್ಲಿ ಮಲಗಿಸಬಹುದಿತ್ತು.

ಶ್ರೀಪತಿರಾಯರ ಕಾಲು ಹಿಡಿದು ಎಲ್ಲ ಹೇಳಿದೆ, ಅರದಿಂದ ಉಜ್ಜಿದ್ದೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಈಗ ಆ ಮಾತು ಬೇಡ. ಏಳು. ಪಂಪು ಕಟ್ಟು" ಅಂದರು.

ನಲವತ್ತು ದಿನದ ಕೆಲಸವನ್ನು ಎಂಟು ದಿನದಲ್ಲಿ ಮಾಡಿದೆವು. ಹಾಲಮ್ಮನ ಗಂಡ ಬೊಮ್ಮಣ್ಣ ಬಾವಿಯ ಮೇಲಿನ ಕಬ್ಬಿಣದ ಅಟ್ಟದಲ್ಲಿ ಪೈಪು ಎತ್ತುವವನು. ಇನ್ನೂರು ಪೈಪುಗಳನ್ನು ಅವನ ತಂಡ ಮೂರು ದಿನದಲ್ಲಿ ಎತ್ತಿತು. ಅಂಗೈ ಸುಲಿದು ರಕ್ತ ಬಂದಿತ್ತು, ಬಿಡುವಿನಲ್ಲಿ ಅದು ಮಾಯುವುದೂ ಇಲ್ಲ. ಬಟ್ಟೆ ಸುತ್ತಿಕೊಂಡು ಎತ್ತಿದ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಹಾಲಮ್ಮನ ಕೂಗು ಬಾವಿಯವರೆಗೆ ಕೇಳಿಸುತ್ತಿತ್ತು. ಒಂದೇ ನೋವು, ಒಂದೇ ಹದದ ನೋವು, ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಲಿಲ್ಲ, ಅದಾದರೂ ಬಿದ್ದುಹೋಗಬಾರದಿತ್ತೇ. ಊರಿನವರು ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದರು. ಕಾಯಿಲೆಯ ಒಬ್ಬ ಮುದುಕ ಮಾತ್ರ ಕೋಲೂರಿಕೊಂಡು ಶೆಡ್ಡಿಗೆ ಬಂದು, "ಪುಣ್ಯಾತ್ಮ ಕಣಪ್ಪಾ ನೀನು" ಅಂತ ನನಗೆ ಕೈಮುಗಿದು ಹೋದ. ಆ ಹೊತ್ತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದಿನಕ್ಕೊಂದು ಸಲ ಮನೆಗೆ ಹೋಗುತ್ತಿದ್ದೆ. ಅಕ್ಕ ನಾನು ಬಿಟ್ಟುಹೋದ ಹಾಗೇ ಇದ್ದಳು. ಗೊರಗೊರ ಉಸಿರು, ಮುಗಿಯದ ಉಸಿರು. ಕಣ್ಣು ಮಾತ್ರ ಮೇಲಿಂದ ಇಳಿದು ನೆಟ್ಟಗಿದ್ದವು. ಪಕ್ಕದ ಮಂಚದಲ್ಲಿ ಮಗಳು ನರಳುವುದನ್ನು ಎಂಟು ದಿನವೂ ನೋಡಿದಳು. ಹೆಬ್ಬೆರಳಿನ ವಾಷರನ್ನು ಒಳಗೆ ಮಾಡಿ ಮುಷ್ಟಿ ಬಿಗಿದಿದ್ದಳು. ಬಿಡಿಸಲು ನೋಡಿದೆ, ಬರಲಿಲ್ಲ. "ತಪ್ಪಾಯ್ತು ಅಕ್ಕಾ" ಅಂದೆ. ನನ್ನ ಕಡೆ ಕಣ್ಣು ತಿರುಗಿಸಿದಳು. ಬೈಯಬೇಕಿತ್ತು ಅವಳು, ಬೈದಿದ್ದರೆ ನಾನು ಬದುಕುತ್ತಿದ್ದೆ.

ಹಾಲಮ್ಮ ಹಲ್ಲು ಕಚ್ಚಿಕೊಂಡು, "ಮಾವ, ಯಾವಾಗ?" ಅನ್ನುತ್ತಿದ್ದಳು. ಅಷ್ಟನ್ನೇ.

"ಮೂರು ದಿನ ಕಣವ್ವ. ಎರಡು ದಿನ. ನಾಳೆ."

ನಾಳೆ ಅಂದರೆ ಏನು ಅಂತ ಅವಳಿಗೂ ಗೊತ್ತಿತ್ತು. ಅವಳ ನೋವು ಮುಗಿದ ಗಳಿಗೆಯೇ ಅವಳ ತಾಯಿಯದೂ ಮುಗಿಯುತ್ತದೆ. ತಳದ ಬೇರಿಂಗನ್ನು ಕೂರಿಸುವಾಗ ಅರದ ಕಡೆಗೆ ನನ್ನ ಕಣ್ಣು ಹೋಯಿತು, ಸುಳ್ಳು ಹೇಳುವುದಿಲ್ಲ. ಅರ ಪಕ್ಕದಲ್ಲೇ ಬಿದ್ದಿತ್ತು. ಮುಟ್ಟಲಿಲ್ಲ. ಒಂದು ಕೂದಲೆಳೆಯಷ್ಟೂ ಓರೆ ಬಿಡದೆ ಕಟ್ಟಿದೆ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕ ಪಂಪನ್ನು ನಾನು ಕಟ್ಟಿಲ್ಲ.

ಎಂಟನೆಯ ದಿನ ಬಿಸಿಲು ಏರುವ ಹೊತ್ತಿಗೆ ಪಂಪು ತಳ ಮುಟ್ಟಿತು. ಸ್ವಿಚ್ಚಿನ ಕೋಣೆಯ ಮುಂದೆ ಎಲ್ಲರೂ ನಿಂತರು. "ನೀವು ಯಾರಾದ್ರೂ ಹಾಕಿ, ನನ್ನ ಕೈಲಾಗಲ್ಲ" ಅಂದೆ. ಆಗ ಬೊಮ್ಮಣ್ಣ ಎಂಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟ.

"ನಿಲ್ಲಿಸಿದ್ದು ನೀವೇ ಅಲ್ವಾ ಮಾವ. ನೀವೇ ಹಾಕಿ."

ಹಾಕಿದೆ. ಕಾಲಡಿಯಲ್ಲಿ ಗುಂಯ್ ಅಂತು. ಇಬ್ಬರೂ ಮನೆಯ ಕಡೆ ಓಡಿದೆವು. ಅವನು ಹುಡುಗ, ಮುಂದೆ ಓಡಿದ. ನಾನು ಹೊಸಿಲು ದಾಟಿದಾಗ ಕೂಸು ಅಳುತ್ತಿತ್ತು. ಹೆಣ್ಣು. ಈ ಕಡೆ ಮಂಚದಲ್ಲಿ ಗೊರಗೊರ ನಿಂತಿತ್ತು. ಅಕ್ಕನ ಮುಷ್ಟಿ ಬಿಚ್ಚಿತ್ತು, ಕೈ ಮಂಚದಿಂದ ಆಚೆಗೆ ಇಳಿಬಿದ್ದಿತ್ತು, ಮಗಳ ಮಂಚದ ಕಡೆಗೆ. ವಾಷರ್ ಎರಡು ಮಂಚಗಳ ನಡುವೆ ನೆಲದ ಮೇಲೆ ಬಿದ್ದಿತ್ತು.

ತಿಪ್ಪವ್ವ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ಕೇಳಿದೆ. "ಯಾವುದು ಮೊದಲು ತಿಪ್ಪವ್ವ? ಕೂಸು ಅತ್ತಿದ್ದಾ, ವಾಷರ್ ಬಿದ್ದಿದ್ದಾ?"

"ಕೂಸು ಕಣಪ್ಪ. ಕೂಸು ಅತ್ತ ಮೇಲೇನೇ ಟಣ್ ಅಂತ ಕೇಳಿಸ್ತು. ಮೊಮ್ಮಗಳನ್ನ ಕಂಡು ಕೈ ಚಾಚಿದ್ಲು ನಿನ್ನ ಅಕ್ಕ. ನಗ್ತಾ ನಗ್ತಾ ಹೋದ್ಲು."

ಅವಳು ತಂಬಿಗೆಯ ಕಡೆಗೇ ನೋಡುತ್ತಿದ್ದಳು. ನಾನು ಮತ್ತೆ ಕೇಳಲಿಲ್ಲ.

ನಾಲ್ಕು ವರ್ಷವಾಯಿತು. ಆ ಪಂಪು ಇನ್ನೂ ಓಡುತ್ತಿದೆ. ಒಂದು ದಿನ ನಿಂತಿಲ್ಲ, ಒಂದು ಸಲ ಗಾಳಿ ಹಿಡಿದಿಲ್ಲ. ಕಂಪನಿಯವರು ಅದರ ನಕ್ಷೆ ಬರೆಸಿಕೊಂಡು ಹೋದರು. ಗೋಡೆಯ ಮೇಲೆ ಗೆರೆ ಎಳೆಯುವುದನ್ನು ಹೆಂಗಸರು ಬಿಟ್ಟೇಬಿಟ್ಟಿದ್ದಾರೆ. ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ. ಕೂಸಿಗೆ ಅಕ್ಕನ ಹೆಸರನ್ನೇ ಇಟ್ಟಿದ್ದಾರೆ, ಸಾವಂತ್ರಿ. ಬಿಡುವು ಅಂದರೆ ಏನು ತಾತ ಅಂತ ಕೇಳುತ್ತಾಳೆ, ಅವಳು ಅದನ್ನು ಕಂಡೇ ಇಲ್ಲ.

ಹಾಲಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಮಾವ ಅನ್ನುತ್ತಾಳೆ, ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಾಳೆ. ಅವತ್ತು ಅವಳು ತಾಯಿಯ ಮಂಚದಿಂದ ಎರಡು ಮೊಳ ದೂರದಲ್ಲಿದ್ದಳು. ಯಾವುದು ಮೊದಲೆಂದು ಅವಳಿಗೆ ಗೊತ್ತು. ಹೋದ ವರ್ಷ ಒಂದು ದಿನ ಧೈರ್ಯ ಮಾಡಿ, "ಹಾಲಮ್ಮ, ಅವತ್ತು ಅಕ್ಕ..." ಅಂತ ಶುರು ಮಾಡಿದೆ. "ಉಣ್ಣಿ ಮಾವ, ಆರಿಹೋಗುತ್ತೆ" ಅಂದಳು.

ಆ ವಾಷರ್ ಈಗ ಮಗುವಿನ ಆಟದ ಸಾಮಾನು. ಜಗುಲಿಯ ಮೇಲೆ ಅದನ್ನು ಚಕ್ರದ ಹಾಗೆ ಉರುಳಿಸುತ್ತಾಳೆ. ಒಂದು ಬದಿ ಸವೆದಿದೆಯಲ್ಲ, ನೆಟ್ಟಗೆ ಹೋಗುವುದಿಲ್ಲ, ಒಂದು ಸುತ್ತು ಹಾಕಿ ಟಣ್ ಅಂತ ಬೀಳುತ್ತದೆ. ಬಿದ್ದಾಗಲೆಲ್ಲ ಒಳಗೆ ಅಡುಗೆಮನೆಯಲ್ಲಿ ಹಾಲಮ್ಮನ ಸೌಟಿನ ಸದ್ದು ನಿಂತುಹೋಗುತ್ತದೆ. ಅದು ಮತ್ತೆ ಶುರುವಾಗುವವರೆಗೆ ನಾನು ಕೂತಲ್ಲೇ ಉಸಿರು ಹಿಡಿದುಕೊಂಡಿರುತ್ತೇನೆ.